ಹಿಂದಿನ ಗೋಡೆಯ ಕೋಡ್

ಇವತ್ತು ಇಬ್ಬರನ್ನೂ ಒಟ್ಟಿಗೇ ಹಿಡಿಯಬೇಕು. ಬೆಳಿಗ್ಗೆ ಹಲ್ಲುಜ್ಜುವಾಗಲೇ ಕಾಂತರಾಜು ನಿಶ್ಚಯಿಸಿಬಿಟ್ಟಿದ್ದ. ತಟ್ಟೆಗೆ ಉಪ್ಪಿಟ್ಟು ಹಾಕುತ್ತಾ ಹೆಂಡತಿ ಮಮತ ಕೇಳಿದ ಮಾತು ಅವನ ಅನುಮಾನಕ್ಕೆ ಇನ್ನಷ್ಟು ತುಪ್ಪ ಸುರಿಯಿತು.

“ರೀ, ಇವತ್ತು ಎಷ್ಟೊತ್ತಿಗೆ ಕೋಲ್ಡ್ ರೂಮ್ ಬಾಗಿಲು ಹಾಕ್ತೀರಿ?”

“ಯಾವಾಗ್ಲೂ ಹಾಕೋ ಹೊತ್ತಿಗೇ. ಎರಡಕ್ಕೆ,” ಎಂದ.

ಅದು ಶುದ್ಧ ಸುಳ್ಳು. ಒಂದಕ್ಕೇ ಕೆಲಸ ಮುಗಿಸಿ, ಗೇಟಿನಾಚೆ ಕಾದು ನಿಲ್ಲುವುದು ಅವನ ಹಂಚಿಕೆ.

ಗಂಡ ಹೆಂಡತಿ ಇಬ್ಬರಿಗೂ ರಾಜಘಟ್ಟದ ಹತ್ತಿರದ ಗುಲಾಬಿ ತೋಟದಲ್ಲಿ ಕೆಲಸ. ಅವಳು ಹೂವು ವಿಂಗಡಿಸುವವಳು, ಅವನು ಸೂಪರ್‌ವೈಸರ್. ಕೆಲವು ತಿಂಗಳಿಂದ ಶನಿವಾರ ಮಧ್ಯಾಹ್ನವಾದರೆ ಸಾಕು, ಮಮತ ಒಂದಿಷ್ಟು ಹೊತ್ತು ಕಣ್ಮರೆಯಾಗುತ್ತಿದ್ದಳು. ತಿರುಗಿ ಬಂದಾಗ ಮೂಗಿನ ತುದಿ ಕೆಂಪಾಗಿರುತ್ತಿತ್ತು, ಮೈ ಸಣ್ಣಗೆ ನಡುಗುತ್ತಿರುತ್ತಿತ್ತು. ಎಲ್ಲಿ ಹೋಗಿದ್ದೆ ಎಂದರೆ ಮಾತು ಹಾರಿಸುತ್ತಿದ್ದಳು. ಹೋದ ವಾರವಂತೂ ಹೂವಿನ ವ್ಯಾನಿನ ಡ್ರೈವರ್ ಅಶೋಕನ ದಪ್ಪ ಕೋಟು ಅವಳ ಹೆಗಲ ಮೇಲಿತ್ತು. ಕಾಂತರಾಜುವಿನ ಹೊಟ್ಟೆಗೆ ಬೆಂಕಿ ಬಿತ್ತು.

“ಇನ್ನೊಂದ್ಸಲ ಅವನ ಕೋಟು ನಿನ್ನ ಮೈಮೇಲೆ ಕಂಡ್ರೆ ಅವತ್ತೇ ನಿನ್ನ ಕೊನೆ ದಿನ ಕಣೇ,” ಎಂದಿದ್ದ.

“ಆಯ್ತು, ಇನ್ಮೇಲೆ ಹಾಕ್ಕೊಳಲ್ಲ,” ಎಂದಳೇ ಹೊರತು, ಯಾಕೆ ಹಾಕಿಕೊಂಡಿದ್ದೆ ಎಂಬುದನ್ನು ಹೇಳಲಿಲ್ಲ. ಕಳ್ಳತನ ಇರುವವರೇ ಇಷ್ಟು ಬೇಗ ಒಪ್ಪಿಕೊಳ್ಳುವುದು ಎಂದು ಅವನು ಲೆಕ್ಕ ಹಾಕಿದ.

ಆಷಾಢ. ಮದುವೆಗಳಿಲ್ಲ, ಹೂವನ್ನು ಕೇಳುವವರಿಲ್ಲ. ಹೂವು ಬಾಡದಂತೆ ತಣ್ಣಗಿಡುವ ಮೂರು ಕೋಲ್ಡ್ ರೂಮುಗಳ ಬಾಗಿಲು ಶನಿವಾರ ಹಾಕಿದರೆ ತೆಗೆಯುವುದು ಸೋಮವಾರವೇ. ಹಾಕುವ ಮುನ್ನ ಸೂಪರ್‌ವೈಸರ್ ಪ್ರತಿ ರೂಮಿನ ತುದಿಯವರೆಗೂ ಹೋಗಿ, ಹಿಂದಿನ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿಗೆ ಫೋನಿನ ಕ್ಯಾಮೆರಾ ಹಿಡಿಯಬೇಕು. ತೆರೆದ ಪುಟದಲ್ಲಿ ‘ನೋಡಿದೆ’ ಎಂದು ಒತ್ತಬೇಕು. ಕೆಲಸಗಳ್ಳರಿಗೆ ಮೂಗುದಾರ ಹಾಕಲೆಂದು ಮ್ಯಾನೇಜರ್ ಭಾನುಪ್ರಕಾಶ್ ಮಾಡಿದ ಏರ್ಪಾಡು ಇದು.

ಕಾಂತರಾಜು ಆ ಏರ್ಪಾಡಿಗೆ ಎಂದೋ ಎಳ್ಳುನೀರು ಬಿಟ್ಟಿದ್ದ. ಮೂರೂ ಕೋಡುಗಳ ಫೋಟೊ ಅವನ ಗ್ಯಾಲರಿಯಲ್ಲಿತ್ತು. ಫೋಟೊದ ಮೇಲೆ ಬೆರಳು ಒತ್ತಿ ಹಿಡಿದರೆ ಫೋನೇ ಕೋಡನ್ನು ಓದಿ ಪುಟ ತೆರೆಯುತ್ತಿತ್ತು. ಅದಕ್ಕೆ ಬೇರೆ ಆ್ಯಪ್ ಕೂಡ ಬೇಕಿರಲಿಲ್ಲ. ಒಮ್ಮೆ ಮನೆಯಲ್ಲಿ ಈ ಕೈಚಳಕವನ್ನು ಹೆಂಡತಿಗೆ ತೋರಿಸಿ ಬೀಗಿದ್ದ. ಅವಳು ನಗಲೂ ಇಲ್ಲ. ಗಂಡನ ಜಾಣತನ ಮೆಚ್ಚುವ ಹೆಂಗಸಲ್ಲ ಅವಳು.

ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಎದ್ದರು. ಕಾಂತರಾಜು ಮೂರೂ ಬಾಗಿಲುಗಳನ್ನು ನೂಕಿ, ಹೊರಗಿನಿಂದ ಅಗುಳಿ ಜಡಿದ. ಯಾವುದೋ ರೂಮಿನ ದೀಪ ಉರಿಯುತ್ತಲೇ ಇತ್ತು. ಇವರಪ್ಪನ ಮನೆ ಕರೆಂಟು ಎಂದು ಗೊಣಗಿ, ಹೊರಗಿನ ಸ್ವಿಚ್ ಆರಿಸಿದ. ಗೇಟಿನ ಕಡೆ ಹೆಜ್ಜೆ ಹಾಕುತ್ತಲೇ ಒಂದೊಂದಾಗಿ ಫೋಟೊ ಒತ್ತಿದ. ನೋಡಿದೆ, ನೋಡಿದೆ, ನೋಡಿದೆ.

ಹೊಂಗೆ ಮರದ ಮರೆಯಲ್ಲಿ ನಿಂತು ಕಾದ. ಹೆಂಗಸರು ಗುಂಪುಗುಂಪಾಗಿ ಹೊರಟುಹೋದರು. ಅವರಲ್ಲಿ ಮಮತ ಇರಲಿಲ್ಲ. ಕೊನೆಗೆ ಅಶೋಕನ ವ್ಯಾನು ಬಂತು. ಕಾಂತರಾಜು ಅಡ್ಡ ನಿಂತ. ಪಕ್ಕದ ಸೀಟಿನಲ್ಲಿ ಕೋಟು ಮಾತ್ರ ಬಿದ್ದಿತ್ತು.

“ಮಮತ ಎಲ್ಲೋ?”

ಅಶೋಕ ತಡವರಿಸಿದ. “ಒಳಗಿದ್ದಾರೆ ಅಣ್ಣ. ಏನೋ ಕೆಲಸ ಇದೆ ಅಂದ್ರು. ಈಗ ಬರ್ತಾರೆ.”

“ಏನು ಕೆಲಸ?”

“ಅದನ್ನ ಅಕ್ಕನ್ನೇ ಕೇಳಿ. ನಿಮಗೆ ಹೇಳ್ಬೇಡ ಅಂದಿದ್ದಾರೆ.”

ಕಾಂತರಾಜು ಅವನ ಕೆನ್ನೆಗೆ ಬಾರಿಸಿದ. ಅಶೋಕ ಸೊಲ್ಲೆತ್ತದೆ ವ್ಯಾನು ಓಡಿಸಿಕೊಂಡು ಆವತಿಯ ದಾರಿ ಹಿಡಿದ. ಒಳಗೆ ಹೋಗಿ ನೋಡಿದರೆ ಶೆಡ್ಡಿನಲ್ಲಿ ಒಂದು ನರಪಿಳ್ಳೆ ಇಲ್ಲ. ಹಿಂದಿನ ಗೇಟು ಹಾರುಹೊಡೆದಿತ್ತು. ಕಾಂತರಾಜುವಿಗೆ ಎಲ್ಲವೂ ಅರ್ಥವಾಯಿತು. ಇಲ್ಲಿ ತನ್ನನ್ನು ಮಾತಿಗೆ ಕಟ್ಟಿಹಾಕಿ, ಅಲ್ಲಿಂದ ಅವಳನ್ನು ಸಾಗಹಾಕಿದ್ದಾನೆ.

ಮಮತಳ ಫೋನು ವ್ಯಾಪ್ತಿ ಪ್ರದೇಶದ ಹೊರಗಿತ್ತು. ಸಂಜೆಯೂ ಅದೇ ಉತ್ತರ. ಕಾಂತರಾಜು ಬೇಗನೆ ಉಂಡು, ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. ಬಂದರೆ ಹೊರಗೇ ಬಿದ್ದಿರಲಿ, ಒಂದು ರಾತ್ರಿ ಚಳಿಯಲ್ಲಿ ನಡುಗಿದರೆ ಬುದ್ಧಿ ಬರುತ್ತದೆ ಎಂದುಕೊಂಡ. ಆ ಯೋಚನೆ ಅವನಿಗೆ ಹಿತವಾಗಿತ್ತು. ಒಳ್ಳೆಯ ನಿದ್ದೆ ಬಂತು.

ಭಾನುವಾರ ಅಶೋಕ ಮೇಲಿಂದ ಮೇಲೆ ಫೋನ್ ಮಾಡಿದ. ಅವಳನ್ನು ಇಟ್ಟುಕೊಂಡು ನನ್ನ ಹತ್ತಿರವೇ ಸಂಧಾನವೇ ಎಂದು ಕಾಂತರಾಜು ಆ ನಂಬರನ್ನೇ ಬ್ಲಾಕ್ ಮಾಡಿದ. ಸೋಮವಾರ ಕೆಲಸಕ್ಕಂತೂ ಬಂದೇ ಬರುತ್ತಾಳೆ, ಹತ್ತು ಜನರ ಎದುರು ಇಬ್ಬರ ಮಾನ ಹರಾಜು ಹಾಕುತ್ತೇನೆ ಎಂದು ಏನೇನು ಅನ್ನಬೇಕೋ ಅದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡ.

ಸೋಮವಾರ ಅವನು ಹೋಗುವಷ್ಟರಲ್ಲಿ ಹತ್ತಲ್ಲ, ನೂರು ಜನ ಸೇರಿದ್ದರು. ಮೂರನೇ ರೂಮಿನ ಬಾಗಿಲು ತೆರೆದಿತ್ತು. ಅದರ ಒಳಮೈ ತುಂಬ ಉಗುರಿನ ಗೀರುಗಳು. ಹೂವು ಸುತ್ತುವ ರಟ್ಟುಗಳನ್ನೆಲ್ಲ ಮೈಮೇಲೆ ಎಳೆದುಕೊಂಡು, ಬಾಗಿಲಿಗೇ ಒರಗಿ ಕೂತಿದ್ದ ಹೆಂಗಸನ್ನು ಆಗಷ್ಟೇ ಹೊರಗೆ ತಂದು ಮಲಗಿಸಿದ್ದರು. ಕಾಂತರಾಜು ಸೀರೆ ನೋಡಿದ. ಮುಖ ನೋಡಲು ಧೈರ್ಯ ಬರಲಿಲ್ಲ.

“ಶನಿವಾರ ನೀವು ಹಿಂದಿನ ಗೋಡೆ ತನಕ ಹೋಗಿ ನೋಡಿದೀರಿ ಅಂತ ಇಲ್ಲಿದೆಯಲ್ರೀ,” ಭಾನುಪ್ರಕಾಶ್ ಫೋನನ್ನು ಅವನ ಮುಖಕ್ಕೆ ಹಿಡಿದ. “ಹೆಂಡ್ತಿ ಒಳಗಿರೋದು ಗೊತ್ತಿದ್ದೂ ಅಗುಳಿ ಹಾಕಿದ್ರಾ?”

ಕಾಂತರಾಜು ಜೇಬಿನಲ್ಲಿದ್ದ ತನ್ನ ಫೋನನ್ನು ಒತ್ತಿ ಹಿಡಿದ.

ಅಶೋಕ ನೆಲಕ್ಕೆ ಕುಸಿದು ಅಳುತ್ತಿದ್ದ. “ಇವರು ಒಳಗೆ ಕಾಲೂ ಇಡಲ್ಲ ಸಾರ್. ಯಾರಾದ್ರೂ ಸಿಕ್ಕಿಹಾಕ್ಕೊಂಡು ಸತ್ತರೆ ಗಂಡ ಜೈಲಿಗೆ ಹೋಗ್ಬೇಕಾಗುತ್ತೆ ಅಂತ, ಇವರು ಬಾಗಿಲು ಹಾಕೋಕೆ ಮುಂಚೆ ಅಕ್ಕನೇ ಪ್ರತಿ ಶನಿವಾರ ಮೂರೂ ರೂಮಿನೊಳಗೆ ಹೋಗಿ ನೋಡ್ಕೊಂಡು ಬರ್ತಿದ್ರು.”