ಮಸಿ ಹತ್ತಿದ ಹೆಬ್ಬೆರಳು

ಮಡಿವಾಳರ ಪುಟ್ಟಮಾದಯ್ಯನ ಹೆಬ್ಬೆರಳಿಗೆ ಮಸಿ ಹಚ್ಚಿದ ಮೇಲೆ ಮದ್ದೂರಿನ ಅಮಲ್ದಾರರು ಪಂಚನಾಮೆಯನ್ನು ಗಟ್ಟಿಯಾಗಿ ಓದಿದರು. ಸೋಮವಾರ ಶಿಂಷಾ ದಂಡೆಯಲ್ಲಿ, ಖಾಕಿ ತೊಟ್ಟು ಡ್ಯೂಟಿ ಮೇಲಿದ್ದ ದಫೇದಾರರ ಮೇಲೆ ಸೈಕಲ್ ರಿಪೇರಿಯ ಜಲಾಲ್ ಕೈಮಾಡಿದ, ಅವರು ಗುಂಡು ಹಾರಿಸಿದರು, ಜಲಾಲ್ ಸತ್ತ ಎಂದು ಅದರಲ್ಲಿತ್ತು. ಉಳಿದ ನಾಲ್ವರು ಪಂಚರು ಆಗಲೇ ಹೆಬ್ಬೆಟ್ಟು ಒತ್ತಿದ್ದರು. ಬಾಗಿಲಾಚೆ ಜಲಾಲನ ತಾಯಿ ಬಿಬಿ ಜಾನ್ ನೆಲ ನೋಡುತ್ತ ಕೂತಿದ್ದಳು.

“ಒತ್ಲಾ,” ಎಂದ ಅದೇ ದಫೇದಾರ, ಹಿಂದಿನಿಂದ ಪುಟ್ಟಮಾದಯ್ಯನ ಹೆಗಲ ಮೇಲೆ ಕೈಯಿಟ್ಟು. ಅವನ ಖಾಕಿಯಿಂದ ಹೊಸ ಗಂಜಿಯ ವಾಸನೆ ಬರುತ್ತಿತ್ತು. ಆ ಗಂಜಿ ಹಾಕಿದವನು ಪುಟ್ಟಮಾದಯ್ಯನೇ.

ನಲವತ್ತು ವರ್ಷ ಊರವರ ಬಟ್ಟೆಯಲ್ಲಿ ಒಂದು ಕಲೆ ಉಳಿಸದವನು ಹೆಬ್ಬೆರಳನ್ನು ತನ್ನ ಬಿಳಿ ಪಂಚೆಗೇ ತಿಕ್ಕಿ ಒರೆಸಿಕೊಂಡ. “ಸೋಮವಾರ ರಜ ಐತೆ ಅಂತ ಇವ್ರು ಭಾನುವಾರ್ವೇ ಇರೋ ಎರಡು ಜೊತೆ ಖಾಕೀನೂ ನಂಗೆ ಒಗಿಯಾಕೆ ಕೊಟ್ರು, ಬುದ್ದಿ. ಸೋಮವಾರ ಎರಡೂ ನಮ್ಮ ಉಬ್ಬೆ ಮಡಕೇಲಿ ಬೇಯ್ತಿದ್ವು.”

ಅಮಲ್ದಾರರು ‘ಖಾಕಿ ತೊಟ್ಟು ಡ್ಯೂಟಿ ಮೇಲಿದ್ದ’ ಎಂಬ ಮಾತನ್ನು ಹೊಡೆದುಹಾಕಿದರು. ಹೆಗಲ ಮೇಲಿನ ಕೈ ಏಳಲಿಲ್ಲ. ಅದರ ಹೆಬ್ಬೆರಳು ಮಾತ್ರ ಮೆಲ್ಲಗೆ ಪುಟ್ಟಮಾದಯ್ಯನ ಕುತ್ತಿಗೆಯತ್ತ ಸರಿಯಿತು.