ಹಗೇವಿನೊಳಗಿನ ಜೋಡಿ

ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಿದ್ದ ಕಂದೀಲು ಹಗೇವಿನ ತಳ ಮುಟ್ಟಿದ ಮೇಲೂ ಆರದೆ ಉರಿಯುತ್ತಿತ್ತು. ಅದನ್ನು ಬಗ್ಗಿ ನೋಡಿದ ನಂತರವೇ ಕಸ್ತೂರೆವ್ವ ಹೂಂಗುಟ್ಟಿದ್ದು.

“ಗಾಳಿ ಚೊಲೊ ಐತಿ. ಈಗ ಇಳದು ಇಡ್ರಿ ನಿಮ್ಮ ಡಬ್ಬಿ.”

ಜೋಳ ತುಂಬಿಡುವ ಆ ನೆಲದ ಕುಣಿ ಮೊಮ್ಮಗಳ ಮದುವೆಯ ಖರ್ಚಿಗೆಂದು ಖಾಲಿಯಾಗಿತ್ತು. ಮುದ್ದೇಬಿಹಾಳದಲ್ಲಿ ಡೇರೆ ಹಾಕಿದ್ದ ನಾಟಕ ಕಂಪನಿಯ ಗಿಟಾರು ವಾದಕ ಅಮೋಘಸಿದ್ಧ ಅದನ್ನು ಕಂಡಿದ್ದೇ ತಡ, ಬೆಳಗಿನಿಂದ ಮುದುಕಿಯ ಬೆನ್ನು ಬಿದ್ದಿದ್ದ. ಹೊಸ ನಾಟಕದ ಬಿರುಗಾಳಿಗೆ ಮೂರು ಎಲೆಕ್ಟ್ರಿಕ್ ಗಿಟಾರು ಒಟ್ಟಿಗೆ ಮೊರೆಯಬೇಕು. ಕಂಪನಿಯಲ್ಲಿ ಇದ್ದದ್ದು ಒಂದು ಗಿಟಾರು, ನುಡಿಸಲು ಅವನೊಬ್ಬ. ಮೈಕ್‌ಸೆಟ್ ಅಂಗಡಿಯ ದಸ್ತಗೀರಸಾಬನ ಎರಡು ಸ್ಪೂಲ್ ಟೇಪ್‌ರೆಕಾರ್ಡರು ತಂದಿದ್ದ. ತಾನು ನುಡಿಸಿದ್ದನ್ನು ಒಂದರಲ್ಲಿ ಹಚ್ಚಿ, ಅದರ ಜೊತೆ ತಾನೇ ಮತ್ತೆ ನುಡಿಸಿ, ಎರಡನ್ನೂ ಇನ್ನೊಂದರಲ್ಲಿ ಹಿಡಿಯುವ ಉಪಾಯ. ಹೀಗೆ ದಾಟಿಸಿದಾಗಲೆಲ್ಲ ಮೊದಲಿನ ದನಿ ತುಸು ಮಾಸುತ್ತದೆ. ಅದಕ್ಕೇ ಮಾಸಿದರೂ ನಡೆಯುವ ತಳದ ದಪ್ಪ ಸ್ವರಗಳನ್ನು ಮೊದಲು, ಮೈಕ್‌ಸೆಟ್ಟಿನ ಆಂಪ್ಲಿಫಯರಿನಿಂದ ಹಾಕಿಕೊಂಡ. ಎರಡನೆಯದಕ್ಕೆ ಕಸ್ತೂರೆವ್ವನ ಮನೆಯ ಹಳೇ ವಾಲ್ವ್ ರೇಡಿಯೊ. ಗಿಟಾರಿನ ವೈರು ಅದಕ್ಕೆ ಸಿಕ್ಕಿಸಿ ಪೂರ್ತಿ ತಿರುವಿದರೆ ಸ್ವರ ಹರಿದುಕೊಂಡು ಗುರ್ ಎನ್ನುತ್ತಿತ್ತು.

“ರೇಡಿಯೊ ಕೆಟ್ಟೈತಲೋ” ಎಂದ ದಸ್ತಗೀರಸಾಬ.

“ಕೆಟ್ಟದ್ದಕ್ಕ ಬೇಕಾಗೇತ್ರಿ ಚಾಚಾ.”

ಮೂರನೆಯದಕ್ಕೆ ಈ ಹಗೇವು. ಸ್ಪೀಕರು, ಮೈಕು ಎರಡನ್ನೂ ಒಳಗಿಳಿಸಿ ಮೇಲೆ ಕೂತು ನುಡಿಸಿದರೆ ದನಿ ಮಣ್ಣಿನ ಗೋಡೆಗೆ ಬಡಿದು ತಿರುತಿರುಗಿ ಬರುತ್ತದೆ ಎಂದು ಅವನ ಲೆಕ್ಕ.

“ತನ್ನ ಸಂಗಾಟ ತಾನ ಬಾರಸ್ತಾನಂತ! ಜೋಡಿ ಅಂದ್ರ ಏನಂತ ತಿಳದೀಯೋ ಹುಚ್ಚಾ?” ಎಂದಳು ಕಸ್ತೂರೆವ್ವ. ಬೈಯುವುದಕ್ಕೆ ಆಕೆಗೆ ಕಾರಣವಿತ್ತು. ಅಂದು ಸಂಜೆ ಮೊಮ್ಮಗಳ ಅರಿಶಿಣ ಬೀಸುವ ಶಾಸ್ತ್ರ. ಬೀಸುವ ಕಲ್ಲನ್ನು ಆಗಲೇ ಅಂಗಳಕ್ಕೆ ತಂದು ಇಟ್ಟಿದ್ದರು. ಆ ಮನೆಯ ಅರಿಶಿಣದ ಹಾಡನ್ನು ಆಕೆ ಮತ್ತು ವಾರಗಿತ್ತಿ ಬಾಳಮ್ಮ ಎದುರುಬದುರು ಕೂತು, ಒಂದೇ ಗೂಟಕ್ಕೆ ಇಬ್ಬರೂ ಕೈ ಹಾಕಿ ಹಾಡುತ್ತಿದ್ದರು. ಬಾಳಮ್ಮ ಎತ್ತುವವಳು, ಕಸ್ತೂರೆವ್ವ ಹಿಡಿಯುವವಳು. ಎತ್ತಿದ ಸಾಲು ಮುಗಿಯುವ ಮುನ್ನವೇ ಹಿಡಿಯಬೇಕು. ಬಾಳಮ್ಮ ಮಣ್ಣಾದ ಮೇಲೆ ಕಸ್ತೂರೆವ್ವ ಆ ಹಾಡಿಗೆ ಬಾಯಿ ತೆರೆದಿರಲಿಲ್ಲ. ಮೊಮ್ಮಗಳು ಅತ್ತು ಕರೆದರೂ, “ಜೋಡಿಲ್ದ ಅದು ಏಳಂಗಿಲ್ಲವ್ವಾ, ಮೂಕಿ ಹಂಗ ಬೀಸ್ರಿ” ಎಂದುಬಿಟ್ಟಿದ್ದಳು.

ಅಮೋಘಸಿದ್ಧ ನುಡಿಸಿ ಮುಗಿಸಿ, ಮೂರೂ ಎಳೆ ಕೂಡಿದ್ದನ್ನು ಹಗೇವಿನ ಸ್ಪೀಕರಿನಲ್ಲೇ ಹಚ್ಚಿದ. ನೆಲದೊಳಗಿನಿಂದ ಗಾಳಿ ಎದ್ದಂತಾಯಿತು. ತಳದಲ್ಲಿ ಒಂದು ಗುಡುಗುತ್ತಿದೆ, ನಡುವೆ ಇನ್ನೊಂದು ಹರಿಯುತ್ತಿದೆ, ಮೇಲೆ ಮತ್ತೊಂದು ಸುತ್ತುತ್ತಿದೆ. ಕಸ್ತೂರೆವ್ವನಿಗೆ ಕೂತ ನೆಲವೇ ಅದುರಿದ ಹಾಗಾಯಿತು.

“ಒಳಗ ಯಾರ್ಯಾರ ಅದಾರೋ?”

“ನಾನ ಅದೇನ್ರಿ ಆಯಿ.”

“ನೀ ಇಲ್ಲಿ ಕುಂತೀಯಲ್ಲೊ!”

“ಇಲ್ಲೂ ನಾನ, ಅಲ್ಲೂ ನಾನ.”

ಆಕೆ ಸುರುಳಿ ತಿರುಗುವುದನ್ನೇ ನೋಡಿದಳು, ಬೀಸುವ ಕಲ್ಲನ್ನು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಸಣ್ಣ ದನಿಯಲ್ಲಿ ಕೇಳಿದಳು:

“ತಮ್ಮಾ, ಬಾಳಮ್ಮನ ಸಾಲು ನಾ ಹಾಡಿ ಕೊಟ್ರ... ಅದನ್ನೂ ಹಂಗ ಒಳಗ ಕೂಡಸ್ತೀ ಏನು?”

ಅಮೋಘಸಿದ್ಧನ ಮುಖದಲ್ಲಿದ್ದ ನಗು ಹೋಯಿತು. ಅವನು ಎದ್ದು ರೇಡಿಯೊ ಬಿಚ್ಚಿ ಬದಿಗಿಟ್ಟ. ಆಂಪ್ಲಿಫಯರನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ. “ನಿಮ್ಮ ದನಿಗಿ ಏನೂ ಬ್ಯಾಡ್ರಿ ಆಯಿ. ಹಗೇವು ಒಂದ ಸಾಕು” ಎಂದು ಮೈಕನ್ನು ಮೇಲಕ್ಕೆಳೆದು ಆಕೆಯ ಮುಂದೆ ಹಿಡಿದ.

ಆಕೆ ಹಾಡಿದಳು. ‘ಅರಿಶಿಣ ಬೀಸೇವ, ಅಂಗಳ ಹೊನ್ನಾಗಿ...’ ಒಣಗಿದ ದನಿ, ನಡುನಡುವೆ ಒಡೆಯಿತು. ತಾನು ಹಿಡಿಯಬೇಕಾದ ಕಡೆ ಸುಮ್ಮನಿದ್ದು, ತಲೆಯಲ್ಲೇ ತಾಳ ಹಾಕಿ, ಮತ್ತೆ ಎತ್ತಿದಳು. ಮುಗಿದ ಮೇಲೆ ನಾಚಿಕೊಂಡು, “ಕಾಗಿ ಒದರಿದಂಗಾತು, ಅಳಸಿಬಿಡು” ಎಂದಳು.

ಅಮೋಘಸಿದ್ಧ ಅಳಿಸಲಿಲ್ಲ. ಸುರುಳಿ ಹಿಂದಕ್ಕೆ ಸುತ್ತಿ ಗುಂಡಿ ಒತ್ತಿದ.

ಹಗೇವಿನಿಂದ ದನಿ ಎದ್ದಿತು. ಒಡಕು ಮಣ್ಣಿನಲ್ಲೇ ಉಳಿದು, ತುಂಬಿದ್ದಷ್ಟೇ ಮೇಲೆ ಬಂದ ಹಾಗಿತ್ತು. ಹುಟ್ಟಿದ ಮೇಲೆ ತನ್ನ ದನಿಯನ್ನು ಹೊರಗಿನಿಂದ ಒಮ್ಮೆಯೂ ಕೇಳದಿದ್ದ ಕಸ್ತೂರೆವ್ವ ಹಗೇವಿನ ಬಾಯಿಗೆ ಬಂದು ಮೊಣಕಾಲೂರಿ ಬಗ್ಗಿದಳು.

“ಇದು ನಂದಲ್ಲ” ಎಂದಳು. ಕಣ್ಣು ಅಗಲವಾಗಿದ್ದವು. “ನನ್ನ ದನಿ ನನಗ ಗೊತ್ತಿಲ್ಲೇನು? ಇದು ಬಾಳಮ್ಮಂದು!”

“ಅಲ್ಲ ಅಕ್ಕಾ, ಅದು ನಿಮ್ಮ...” ಎಂದು ದಸ್ತಗೀರಸಾಬ ಬಾಯಿ ತೆರೆದ. ಅಮೋಘಸಿದ್ಧ ಅವನ ಕೈ ಒತ್ತಿದ. ಮೊದಲ ಸಲ ಟೇಪಿನಲ್ಲಿ ತನ್ನ ಮಾತು ಕೇಳಿದಾಗ ಅಮೋಘಸಿದ್ಧನೂ ಇದು ಯಾರೆಂದು ಕೇಳಿದ್ದ.

“ಹಿಡೀರಿ ಆಯಿ” ಎಂದನಷ್ಟೇ. “ಸಾಲು ಮುಗಿಯಾಕತ್ತೈತಿ.”

ಕಸ್ತೂರೆವ್ವ ಓಡಿದಂತೆ ಬಂದು ಬೀಸುವ ಕಲ್ಲಿನ ಮುಂದೆ ಕೂತು ಗೂಟ ಹಿಡಿದಳು. ಹಿಡಿದ ಕೈಯನ್ನು ತುಸು ಮೇಲಕ್ಕೆ ಸರಿಸಿ, ಕೆಳಗೆ ಇನ್ನೊಂದು ಕೈಗೆ ಜಾಗ ಬಿಟ್ಟು, ದನಿ ಕೂಡಿಸಿದಳು.