ಇಳಿ ಅಂದದ್ದು ಯಾರಿಗೆ

“ಇಳಿ! ಸಾಕು, ಇಳಿಯೋ ಕೆಳಗೆ!” ಎಂದು ಹಿಂದಿನ ಸೀಟಿನಲ್ಲಿದ್ದ ಬಣ್ಣದ ಅಂಗಡಿಯವನು ಕೂಗಿದ್ದೇ ತಡ, ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅಜ್ಜಿ ಗಡಬಡಿಸಿ ಎದ್ದು, ಚೀಲವನ್ನು ಎದೆಗವಚಿಕೊಂಡು, ಸಿಗ್ನಲ್ಲಿನಲ್ಲಿ ನಿಂತಿದ್ದ ಬಸ್ಸಿನಿಂದ ಇಳಿದೇ ಬಿಟ್ಟಳು. ಕಂಡಕ್ಟರ್ ಹಿಂದೆಯೇ ಓಡಿ, ರಟ್ಟೆ ಹಿಡಿದು ಮತ್ತೆ ಹತ್ತಿಸಿಕೊಂಡು ಬಂದ.

“ಎಲ್ಲಿಗೆ ಹೊರಟ್ರಿ ಅಜ್ಜಿ? ನಿಮ್ಮ ಸ್ಟಾಪ್ ಇನ್ನೂ ಮುಂದಿದೆ.”

“ಇವರು ಇಳಿ ಅಂದ್ರಲ್ಲಪ್ಪ.”

ಬಸ್ಸಿಗೆ ಬಸ್ಸೇ ಘೊಳ್ಳೆಂದಿತು. ಬಣ್ಣದ ಅಂಗಡಿಯವನು ಕೈಯಲ್ಲಿದ್ದ ಮೊಬೈಲನ್ನು ಅವಳ ಮುಖದ ಹತ್ತಿರ ಹಿಡಿದ. “ನಿಮಗಲ್ಲಜ್ಜಿ, ಇವನಿಗೆ ಅಂದದ್ದು. ಎಷ್ಟೋ ವರ್ಷದಿಂದ ಕುರ್ಚಿಗೆ ಅಂಟಿಕೊಂಡು ಕೂತಿದಾನೆ. ಈಗ ನೋಡಿ, ದೇಶಕ್ಕೆ ದೇಶವೇ ಬೀದಿಗೆ ಬಂದಿದೆ.”

“ಯಾವ ದೇಶಾನಪ್ಪ? ಹತ್ತಿರದ್ದಾ?”

“ಎಲ್ಲಿಯ ಹತ್ತಿರ! ಎರಡು ಸಮುದ್ರ ದಾಟಬೇಕು.”

“ಹಾಗಾದ್ರೆ ಕೂಗಬಹುದು ಬಿಡು,” ಎಂದಳು ಅಜ್ಜಿ.

ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಮೊಬೈಲಿನಲ್ಲಿ ಸೇತುವೆಯ ತುಂಬ ಜನ, ದೀಪದ ಕಂಬದ ತುದಿಯಲ್ಲಿ ಬಾವುಟ ಬೀಸುವ ಹುಡುಗ. ಹಿಂದೆ ರೇಡಿಯೋ ಕಾಲದಲ್ಲೂ ಹೀಗೇ ಇತ್ತು. ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು, ಹೆಸರು ಕೂಡ ನಾಲಿಗೆಗೆ ಹೊರಳದ ದೊರೆಗಳನ್ನೆಲ್ಲ ಗದ್ದುಗೆಯಿಂದ ತಳ್ಳಿ, ಹೊತ್ತಿಗೆ ಸರಿಯಾಗಿ ಊಟಕ್ಕೆ ಮನೆಗೆ ಹೋಗುತ್ತಿದ್ದ ಜನ ಇದ್ದರು. ಈಗ ಆ ಬೆಂಚಿಗೆ ಚಕ್ರ ಬಂದಿದೆ, ಅಷ್ಟೆ.

ಅಜ್ಜಿಯ ಪಕ್ಕದಲ್ಲಿದ್ದ ರಿಟೈರ್ಡ್ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ಪರದೆಯ ಕೆಳಗೆ ಓಡುತ್ತಿದ್ದ ಸಾಲುಗಳನ್ನು ಎಲ್ಲರಿಗೂ ಕೇಳುವಂತೆ ಓದಿ ಹೇಳುತ್ತಿದ್ದರು. ನಡುವೆ ಅಜ್ಜಿಯ ಕಡೆ ತಿರುಗಿದರು. “ಗುಂಡಿಗೂ ಹೆದರ್ತಾ ಇಲ್ಲ ನೋಡಮ್ಮ. ಜನ ಅಂದ್ರೆ ಇವರು! ಇಂಥ ಮಕ್ಕಳನ್ನ ಹೆತ್ತ ತಾಯಂದಿರ ಕಾಲು ತೊಳೆದು ನೀರು ಕುಡೀಬೇಕು.”

ಅಜ್ಜಿ ತನ್ನ ಕಾಲನ್ನು ಮೆಲ್ಲಗೆ ಸೀಟಿನ ಕೆಳಗೆ ಎಳೆದುಕೊಂಡಳು. “ಮೇಷ್ಟ್ರೇ, ನೀವು ಓದಿದವರು ಅಂತ ಕೇಳ್ತೀನಿ. ಜೈಲಿನ ಸ್ಟಾಪಲ್ಲಿ ಒಂದು ಗಳಿಗೆ ನನ್ನ ಜೊತೆ ಇಳೀತೀರಾ? ಮಗನ್ನ ನೋಡಬೇಕು. ಗೇಟಲ್ಲಿ ನಾನು ಹೆಬ್ಬೆಟ್ಟು ಒತ್ತಿದ್ರೆ ಸಾಲದಂತೆ, ಪಕ್ಕದಲ್ಲಿ ಅಕ್ಷರ ಬಲ್ಲವರೊಬ್ಬರು ಸಹಿ ಹಾಕಬೇಕಂತೆ. ಇವತ್ತು ತಪ್ಪಿದ್ರೆ ಮತ್ತೆ ಮುಂದಿನ ತಿಂಗಳೇ ನನ್ನ ಒಳಗೆ ಬಿಡೋದು.”

“ಮನೆ ಹತ್ತಿರದವರು ಯಾರೂ ಬರಲಿಲ್ವಾ?”

“ಪಕ್ಕದ ಮನೆಯವರು ಬರ್ತಿದ್ರು, ಅವರಿಗೆ ಮಂಡಿನೋವು ಬಂತು. ಆಮೇಲೆ ಎದುರು ಮನೆಯವರಿಗೆ ಬಂತು. ಈಗ ನಮ್ಮ ಬೀದಿಗೆಲ್ಲ ಮಂಡಿನೋವು.”

“ಅಯ್ಯೋ ಪಾಪ! ಒಂದು ಸಹಿಗೇನಂತೆ, ಹಾಕೋಣ ಬಿಡಿ. ಅಂದಹಾಗೆ ಮಗ ಏನು ಮಾಡಿಕೊಂಡ?”

“ಅವನದು ಮೈಕ್ ಸೆಟ್ಟಿನ ಕೆಲಸ. ನಮ್ಮ ದೊಡ್ಡವರು ಭಾಷಣಕ್ಕೆ ಬಂದಿದ್ರಲ್ಲ, ಆವತ್ತು ಕಂಬ ಹತ್ತಿ ವೈರು ಕಟ್ತಿದ್ದ ಆಳಿಗೆ ‘ಸಾಕು, ಇಳಿಯೋ ಕೆಳಗೆ’ ಅಂದ. ಮೈಕು ಆನ್ ಆಗಿಬಿಟ್ಟಿತ್ತು. ದೊಡ್ಡವರು ಆಗ ತಾನೇ ಕುರ್ಚಿಯಲ್ಲಿ ಕೂತಿದ್ರು.”

“ಅಷ್ಟಕ್ಕೇ ಜೈಲಾ?”

“ಅಷ್ಟಕ್ಕಲ್ಲ. ಕೆಳಗಿದ್ದ ಜನ ಚಪ್ಪಾಳೆ ತಟ್ಟಿಬಿಟ್ರು.”

ಈಗ ಯಾರೂ ನಗಲಿಲ್ಲ. ತುಟಿಯವರೆಗೆ ನಗು ಬಂದವರು ಅದನ್ನು ಕೆಮ್ಮು ಮಾಡಿಕೊಂಡರು. ಬಣ್ಣದ ಅಂಗಡಿಯವನ ಹೆಬ್ಬೆರಳು ತಾನಾಗಿಯೇ ಮೊಬೈಲಿನ ಸದ್ದು ತಗ್ಗಿಸಿತು. ಮೇಷ್ಟ್ರು ಹಿಂದೆ ಮುಂದೆ ನೋಡಿ, ಅಜ್ಜಿಗೂ ತಮಗೂ ನಡುವೆ ಕೊಡೆಯನ್ನು ಇಟ್ಟುಕೊಂಡರು.

“ಬರೀ ಸಹಿ ಸಾಕಾ ಅಮ್ಮ, ವಿಳಾಸಾನೂ ಬರೀಬೇಕಾ?”

“ವಿಳಾಸ, ಫೋನ್ ನಂಬರು ಎಲ್ಲಾ ಕೇಳ್ತಾರೆ.”

“ಛೇ, ಬರೆಯೋ ಕನ್ನಡಕ ಮನೆಯಲ್ಲೇ ಬಿಟ್ಟುಬಂದೆ ನೋಡಿ.” ಮೇಷ್ಟ್ರು ಮೂಗಿನ ಮೇಲಿದ್ದದ್ದನ್ನು ತೆಗೆದು ಒರೆಸತೊಡಗಿದರು. “ಇದು ದೂರದ್ದಕ್ಕೆ. ಹತ್ತಿರದ್ದು ಇದರಲ್ಲಿ ಏನೂ ಕಾಣಲ್ಲ.”

ಅಜ್ಜಿ ಹಿಂದಕ್ಕೆ ತಿರುಗಿದಳು. “ನೀನಾದ್ರೂ ಬಾರಪ್ಪ. ನಿನ್ನ ಗಂಟಲು ಗಟ್ಟಿ ಇದೆ.”

“ನಾನು ಅಂಗಡಿ ತೆಗೀಬೇಕಲ್ಲಜ್ಜಿ! ಕೆಲಸದವರು ಬಾಗಿಲಲ್ಲಿ ಕಾಯ್ತಿರ್ತಾರೆ,” ಎಂದ ಬಣ್ಣದ ಅಂಗಡಿಯವನು, ಮೊಬೈಲಿನಿಂದ ಕಣ್ಣು ತೆಗೆಯದೆ. ಅಜ್ಜಿ ಕಂಡಕ್ಟರನ ಕಡೆ ನೋಡಿದಳು. ಅವನು ತಟ್ಟನೆ ವಿಸಿಲ್ಲನ್ನು ಬಾಯಿಗಿಟ್ಟುಕೊಂಡ. ಬಾಯಲ್ಲಿ ವಿಸಿಲ್ ಇದ್ದವನು ಉತ್ತರ ಕೊಡುವುದಾದರೂ ಹೇಗೆ?

ಜೈಲಿನ ಸ್ಟಾಪು ಬಂತು. ಅಜ್ಜಿ ಯಾರನ್ನೂ ಬೈಯಲಿಲ್ಲ, ಸರಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಮೇಷ್ಟ್ರಿಗೆ ಮನಸ್ಸು ತಡೆಯಲಿಲ್ಲ. ಎಷ್ಟಾದರೂ ಮಕ್ಕಳಿಗೆ ನೀತಿಪಾಠ ಮಾಡಿ ಪಿಂಚಣಿ ಪಡೆಯುತ್ತಿದ್ದವರು. ಕಿಟಕಿಯಿಂದ ಕೈ ಚಾಚಿ ತಮ್ಮ ಜೇಬಿನ ಪೆನ್ನನ್ನು ಅವಳ ಕೈಗಿಟ್ಟರು.

“ಇಟ್ಕೊಳ್ಳಮ್ಮ. ಸಹಿ ಹಾಕೋರು ಯಾರಾದ್ರೂ ಸಿಕ್ಕಿದಾಗ ಪೆನ್ನಿಲ್ಲ ಅನ್ನೋ ಹಾಗಾಗಬಾರದು. ವಾಪಸ್ ಬೇಡ.”

ಬಸ್ಸು ಹೊರಟಿತು. ಜೈಲಿನ ಗೇಟಿನ ಮುಂದೆ, ಒಂದು ಅಕ್ಷರವೂ ಬಾರದ ಹೆಂಗಸು ಪೆನ್ನಿನ ಮುಚ್ಚಳ ತೆಗೆದು ಸಿದ್ಧವಾಗಿ ಹಿಡಿದುಕೊಂಡು, ದಾರಿಯಲ್ಲಿ ಹೋಗುವವರ ಮುಖಗಳನ್ನು ನೋಡುತ್ತಾ ನಿಂತಿದ್ದಳು.